ಸಕ್ಯುಲೆಂಟ್ ಎಲೆ ಸುಕ್ಕಾಗಿದೆಯಾ? ನೀರು ಹಾಕುವ ಮೊದಲು ಮಣ್ಣು ಮುಟ್ಟಿ ನೋಡಿ

ದಪ್ಪ ಎಲೆಯಲ್ಲಿ ನೀರು ಕೂಡಿಡುವ ಗಿಡಗಳೇ ಸಕ್ಯುಲೆಂಟ್‌ಗಳು. ಅವುಗಳಲ್ಲಿ ನಾನು ಸಾಕಿದ ಮೊದಲ ಎಚೆವೇರಿಯಾ ಸತ್ತಿದ್ದು ನೀರಿಲ್ಲದೆ ಅಲ್ಲ, ನೀರು ಜಾಸ್ತಿಯಾಗಿ. ಅದರ ಕೆಳಗಿನ ಎಲೆಗಳು ಸುಕ್ಕಾಗಿದ್ದವು. ಬಾಯಾರಿದೆ ಅಂದುಕೊಂಡು ನೀರು ಹಾಕಿದೆ. ಎರಡು ದಿನ ಬಿಟ್ಟು ನೋಡಿದರೆ ಸುಕ್ಕು ಇನ್ನೂ ಹೆಚ್ಚಾಗಿತ್ತು. ಮತ್ತೆ ಹಾಕಿದೆ. ವಾರದ ಹೊತ್ತಿಗೆ ಇಡೀ ಗಿಡ ಬುಡದಿಂದ ಕಳಚಿ ಕೈಗೆ ಬಂತು. ಕೆಳಗೆ ಬೇರೇ ಇರಲಿಲ್ಲ. ಕಪ್ಪಗಿನ ಲೋಳೆ ಮಾತ್ರ ಉಳಿದಿತ್ತು.

ಆ ಗಿಡಕ್ಕೆ ನಿಜವಾಗಿಯೂ ಬಾಯಾರಿಕೆ ಆಗಿತ್ತು. ಆದರೆ ಮಣ್ಣಲ್ಲಿ ನೀರಿಲ್ಲದೆ ಅಲ್ಲ, ನೀರು ಎಳೆಯಲು ಬೇರು ಇಲ್ಲದೆ. ಎಲೆಯಷ್ಟೇ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮಣ್ಣು ಮುಟ್ಟಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಗುಲಾಬಿ ಹೂವಿನಂತೆ ಎಲೆ ಜೋಡಿಸಿಕೊಂಡು (ಈ ಜೋಡಣೆಗೆ ರೋಸೆಟ್ ಅನ್ನುತ್ತಾರೆ) ಬೆಳೆಯುವ ಎಚೆವೇರಿಯಾ, ಗ್ರಾಪ್ಟೊಪೆಟಲಮ್, ಸೆಂಪರ್‌ವೈವಮ್, ಏಯೋನಿಯಮ್, ಹಾವೊರ್ಥಿಯಾ ಇವುಗಳಲ್ಲಿ ಯಾವುದಕ್ಕೆ ತೊಂದರೆ ಬಂದರೂ ನಾನು ಈಗ ಎರಡು ವಿಷಯ ಒಟ್ಟಿಗೆ ನೋಡುತ್ತೇನೆ. ತೊಂದರೆ ಗಿಡದ ಯಾವ ಭಾಗದಲ್ಲಿದೆ: ಕೆಳಗಿನ ಎಲೆಯಲ್ಲೋ, ಹೊರಗಿನ ಎಲೆಯಲ್ಲೋ, ನಡುವಿನ ಸುಳಿಯಲ್ಲೋ? ಮತ್ತೆ, ಈ ಹೊತ್ತಿಗೆ ಮಣ್ಣು ಹೇಗಿದೆ? ಇವೆರಡಕ್ಕೆ ಉತ್ತರ ಸಿಕ್ಕರೆ ಅರ್ಧಕ್ಕಿಂತ ಹೆಚ್ಚು ದೋಷಗಳು ಅಲ್ಲೇ ಪತ್ತೆಯಾಗುತ್ತವೆ.

ಮೊದಲು ಮಣ್ಣು

ಮೇಲಿನ ಮಣ್ಣು ಒಣಗಿದೆ ಅಂದರೆ ಕೆಳಗೂ ಒಣಗಿದೆ ಅಂತ ಅರ್ಥವಲ್ಲ. ಮೇಲಿನ ಒಂದು ಸೆಂಟಿಮೀಟರ್ ಬೇಗ ಒಣಗುತ್ತದೆ. ಕುಂಡದ ತಳದಲ್ಲಿ, ಬೇರು ಇರುವ ಕಡೆ, ಹತ್ತು ದಿನವಾದರೂ ಒದ್ದೆ ನಿಂತಿರಬಹುದು. ಒಂದು ಮರದ ಕಡ್ಡಿ ತೆಗೆದುಕೊಂಡು ಅಂಚಿನಿಂದ ತಳದವರೆಗೆ ನಿಧಾನವಾಗಿ ಚುಚ್ಚಿ. ಐದು ನಿಮಿಷ ಬಿಟ್ಟು ಹೊರಗೆಳೆಯಿರಿ. ಕಡ್ಡಿಯ ಬಣ್ಣ ಗಾಢವಾಗಿದ್ದರೆ, ಮಣ್ಣು ಅಂಟಿಕೊಂಡು ಬಂದರೆ, ತಳ ಇನ್ನೂ ಒದ್ದೆ.

ಇದಕ್ಕಿಂತ ಸುಲಭದ್ದು ಕುಂಡ ಎತ್ತಿ ನೋಡುವುದು. ನೀರು ಹಾಕಿದ ದಿನ ಒಮ್ಮೆ ಎತ್ತಿ, ಪೂರ್ತಿ ಒಣಗಿದ ಮೇಲೆ ಇನ್ನೊಮ್ಮೆ ಎತ್ತಿ. ಎರಡು ಮೂರು ಸಲ ಹೀಗೆ ಮಾಡಿದರೆ ಕೈಗೇ ಲೆಕ್ಕ ಸಿಕ್ಕಿಬಿಡುತ್ತದೆ. ಪ್ಲಾಸ್ಟಿಕ್ ಕುಂಡದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಣ್ಣಿನ ಕುಂಡಕ್ಕೆ ಅದರದ್ದೇ ಭಾರ ಇರುವುದರಿಂದ ಕಡ್ಡಿಯನ್ನೇ ನಂಬಿ.

ಒದ್ದೆ ಇಷ್ಟು ದಿನ ನಿಲ್ಲುವುದಕ್ಕೆ ಗಿಡದ ಸ್ವಭಾವವೂ ಒಂದು ಕಾರಣ. ಸಾಮಾನ್ಯ ಗಿಡಗಳು ಹಗಲು ಹೊತ್ತು ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಉಸಿರಾಡುತ್ತವೆ. ಆಗ ನೀರೂ ಆವಿಯಾಗಿ ಹೋಗುತ್ತದೆ. ಈ ಗಿಡಗಳು ಹಾಗಲ್ಲ. ಬಿಸಿಲಲ್ಲಿ ರಂಧ್ರ ಮುಚ್ಚಿಕೊಂಡು, ರಾತ್ರಿ ತಂಪಲ್ಲಿ ತೆರೆಯುತ್ತವೆ. ಒಳಗೆಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಇಟ್ಟುಕೊಂಡು ಹಗಲಿಗೆ ಬಳಸುತ್ತವೆ. ಹಾಗಾಗಿ ಇವು ಮಣ್ಣಿನಿಂದ ನೀರೆಳೆಯುವುದೇ ಕಡಿಮೆ. ನೀವು ಹಾಕಿದ ನೀರನ್ನು ಗಿಡ ಕುಡಿದು ಮುಗಿಸುತ್ತದೆ ಅಂತ ಕಾಯುವ ಹಾಗಿಲ್ಲ. ಅದು ಹರಿದು ಹೋಗಬೇಕು, ಇಲ್ಲವೇ ಗಾಳಿಗೆ ಒಣಗಬೇಕು.

ಎಲೆ ಸುಕ್ಕಾಗಿದೆ

ಮಣ್ಣು ಪೂರ್ತಿ ಒಣಗಿದೆ, ಕುಂಡ ಹಗುರವಾಗಿದೆ, ಕೆಳಗಿನ ಎಲೆಗಳು ತೆಳ್ಳಗಾಗಿ ಸುಕ್ಕಾಗಿವೆ, ಆದರೆ ಬಣ್ಣ ಹಾಗೆಯೇ ಇದೆ. ಇದು ಬರೀ ಬಾಯಾರಿಕೆ. ಗಿಡ ತನ್ನ ಹಳೆಯ ಎಲೆಯಲ್ಲಿ ಕೂಡಿಟ್ಟ ನೀರನ್ನು ಸುಳಿಗೆ ಕಳಿಸುತ್ತಿದೆ. ತಳದ ತೂತಿನಿಂದ ಹರಿದು ಬರುವವರೆಗೆ ಚೆನ್ನಾಗಿ ನೀರು ಹಾಕಿ. ಎರಡರಿಂದ ನಾಲ್ಕು ದಿನದಲ್ಲಿ ಎಲೆ ಮತ್ತೆ ಗಟ್ಟಿಯಾಗುತ್ತದೆ. ತೀರಾ ಕೆಳಗಿನ ಒಂದೆರಡು ಎಲೆ ಚೇತರಿಸಿಕೊಳ್ಳದೆ ಒಣಗಿದರೆ ಚಿಂತೆ ಬೇಡ.

ಮಣ್ಣು ಒದ್ದೆ ಇದೆ, ಆದರೂ ಎಲೆ ಸುಕ್ಕು. ಇಲ್ಲಿ ನೀರಿನ ಪಾತ್ರೆ ಕೆಳಗಿಟ್ಟುಬಿಡಿ. ಬೇರು ಕೊಳೆತಿದೆ ಅಥವಾ ಕೊಳೆಯುತ್ತಿದೆ. ಗಿಡವನ್ನು ಈಗಲೇ ಕುಂಡದಿಂದ ತೆಗೆಯಬೇಕು. ನಾಳೆ ನೋಡೋಣ ಅಂತ ಬಿಡಬೇಡಿ. ಕೊಳೆ ಕಾಂಡಕ್ಕೆ ಏರುವುದಕ್ಕೆ ಕೆಲವೇ ದಿನ ಸಾಕು.

ಮೂರನೆಯದು ಬಹಳ ಜನರನ್ನು ತಪ್ಪುದಾರಿಗೆ ಎಳೆಯುತ್ತದೆ. ನೀವು ನೀರು ಹಾಕುತ್ತಿದ್ದೀರಿ, ತಳದಿಂದ ಹರಿದೂ ಬರುತ್ತಿದೆ, ಆದರೂ ಕುಂಡ ಹಗುರ, ಎಲೆ ಸುಕ್ಕು. ಪೀಟ್ (ಜೌಗು ನೆಲದಲ್ಲಿ ಸಿಗುವ ಅರೆಕೊಳೆತ ಪಾಚಿ) ಹೆಚ್ಚಿರುವ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಒಂದು ಗಟ್ಟಿ ಉಂಡೆಯಾಗಿ ಕುಗ್ಗಿ, ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹಾಕಿದ ನೀರು ಆ ಸಂದಿಯಿಂದ ನೇರ ಕೆಳಗಿಳಿದು ಹೋಗುತ್ತದೆ. ಉಂಡೆಯ ಒಳಗೆ ಹನಿಯೂ ಇಳಿದಿರುವುದಿಲ್ಲ. ಅಂಥ ಕುಂಡವನ್ನು ಒಂದು ತಟ್ಟೆಯಲ್ಲಿ ನೀರಿಟ್ಟು ಅರ್ಧ ಗಂಟೆ ಕೂರಿಸಿ. ಕೆಳಗಿನಿಂದ ನೀರು ಹೀರಿಕೊಂಡು ಭಾರವಾಗುತ್ತದೆ. ಆಮೇಲೆ ತೆಗೆದು ಬಸಿಯಲು ಬಿಡಿ. ಇದು ತಾತ್ಕಾಲಿಕ ಪರಿಹಾರ ಅಷ್ಟೆ. ಮಣ್ಣು ಬದಲಾಯಿಸುವುದೇ ಸರಿಯಾದ ದಾರಿ.

ಇನ್ನೂ ಒಂದು ಸಾಧ್ಯತೆ ಉಳಿಯುತ್ತದೆ. ಒಣಗಿದ ಮಣ್ಣು, ಸುಕ್ಕಾದ ಎಲೆ, ಚೆನ್ನಾಗಿ ನೀರು ಹಾಕಿದ್ದೀರಿ, ಉಂಡೆಯೂ ನೆನೆದಿದೆ, ಆದರೆ ವಾರವಾದರೂ ಎಲೆ ತುಂಬಿಕೊಳ್ಳಲಿಲ್ಲ. ತುಂಬಾ ದಿನ ನೀರಿಲ್ಲದೆ ಸಣ್ಣ ಬೇರುಗಳೆಲ್ಲ ಒಣಗಿ ಸತ್ತಿರಬಹುದು. ಹಿಟ್ಟು ತಿಗಣೆ (ಮೀಲಿಬಗ್ ಎಂಬ ಬಿಳಿ ಹುಳು) ಬೇರುಗಳ ರಸ ಹೀರಿರಲೂಬಹುದು. ಅದರ ವಿಷಯ ಮುಂದೆ ಬರುತ್ತದೆ. ಎರಡಕ್ಕೂ ಗಿಡ ಕಿತ್ತು ನೋಡದೆ ಬೇರೆ ದಾರಿ ಇಲ್ಲ.

ಕಿತ್ತು ನೋಡುವುದು ಹೇಗೆ

ಕುಂಡವನ್ನು ಓರೆ ಹಿಡಿದು, ಬದಿಗಳನ್ನು ಒತ್ತಿ ಸಡಿಲ ಮಾಡಿ, ಕಾಂಡ ಹಿಡಿದು ಎತ್ತಿ. ಎಲೆ ಹಿಡಿದು ಎಳೆಯಬೇಡಿ. ಬೇರಿನ ಸುತ್ತ ಇರುವ ಮಣ್ಣು ಉದುರಿಸಿ. ಒಳ್ಳೆಯ ಬೇರು ಬಿಳಿ ಅಥವಾ ತಿಳಿ ಕಂದು ಬಣ್ಣದ್ದು. ಮೆತ್ತಗೆ ಎಳೆದರೆ ತಡೆಯುತ್ತದೆ. ಕೊಳೆತ ಬೇರು ಕಪ್ಪಗೆ, ಮೆತ್ತಗೆ ಇರುತ್ತದೆ. ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂದು ಒಳಗೆ ದಾರದಂತಹ ಎಳೆ ಉಳಿಯುತ್ತದೆ. ಮೂಗಿಗೂ ಗೊತ್ತಾಗುತ್ತದೆ, ಹಳಸಿದ ವಾಸನೆ. ಒಣಗಿ ಸತ್ತ ಬೇರು ಬೆರಳಲ್ಲಿ ಪುಡಿಯಾಗುತ್ತದೆ.

ಸತ್ತ ಬೇರೆಲ್ಲ ಕತ್ತರಿಸಿ. ಕಾಂಡ ಗಟ್ಟಿಯಾಗಿದ್ದರೆ ಗಿಡ ಉಳಿಯುತ್ತದೆ. ಮೂರು ನಾಲ್ಕು ದಿನ ನೆರಳಲ್ಲಿ ಬರಿಗಿಡವಾಗಿಯೇ ಒಣಗಲು ಬಿಡಿ. ಆಮೇಲೆ ಹೊಸ, ಒಣ ಮಣ್ಣಿನಲ್ಲಿ ನೆಟ್ಟು ಇನ್ನೂ ನಾಲ್ಕೈದು ದಿನ ನೀರು ಹಾಕಬೇಡಿ. ಕತ್ತರಿಸಿದ ಗಾಯ ಒಣಗುವ ಮೊದಲು ಒದ್ದೆ ತಗುಲಿದರೆ ಕೊಳೆ ಮತ್ತೆ ಶುರುವಾಗುತ್ತದೆ. ಎಲೆ ಸುಕ್ಕಾಗಿರುವಾಗ ನೀರು ಹಾಕದೆ ಸುಮ್ನೆ ಇರುವುದು ಮನಸ್ಸಿಗೆ ಕಷ್ಟ. ನನಗೆ ಈಗಲೂ ಕಷ್ಟವೇ. ಆದರೆ ಆ ಎಲೆಯೊಳಗೆ ಇನ್ನೂ ವಾರಗಟ್ಟಲೆಗೆ ಸಾಕಾಗುವಷ್ಟು ನೀರಿದೆ.

ಎಲೆ ಗಾಜಿನಂತಾಗಿ ಮೆತ್ತಗಾಗಿದೆ

ಸುಕ್ಕಾಗುವುದಕ್ಕಿಂತ ಇದು ಗಂಭೀರ. ಕೆಳಗಿನ ಎಲೆ ಹಳದಿಯಾಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಾಗಿ, ಒಳಗೆ ನೀರು ತುಂಬಿದಂತೆ ಇರುತ್ತದೆ. ಬೆರಳು ತಾಗಿದರೆ ಸಾಕು, ಕಳಚಿ ಬೀಳುತ್ತದೆ. ಹೆಚ್ಚು ನೀರು ಕುಡಿದು ಎಲೆಯ ಕೋಶಗಳು ಒಡೆದಿವೆ.

ಒಂದೆರಡು ಎಲೆ ಮಾತ್ರ ಹೀಗಾಗಿ, ಕಾಂಡ ಹಸಿರಾಗಿ ಗಟ್ಟಿಯಾಗಿದ್ದರೆ ಆ ಎಲೆಗಳನ್ನು ತೆಗೆದು, ಮಣ್ಣು ಪೂರ್ತಿ ಒಣಗಲು ಬಿಟ್ಟರೆ ಸಾಕಾಗಬಹುದು. ಎಲೆ ಕಳಚಿದ ಜಾಗದಲ್ಲಿ ಕಾಂಡ ಕಂದಾಗಿಯೋ ಕಪ್ಪಗಾಗಿಯೋ ಇದ್ದರೆ ಕೊಳೆ ಮೇಲೇರುತ್ತಿದೆ. ಆಗ ಮೇಲಿನ ತಲೆ ಕತ್ತರಿಸಿ ಮತ್ತೆ ನೆಡುವುದೊಂದೇ ದಾರಿ. ಕೇಳಲು ಭಯವಾಗುತ್ತದೆ, ಅಲ್ವಾ? ಆದರೆ ಈ ಗಿಡಗಳು ಅದನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತವೆ.

ಕತ್ತರಿಸುವ ಮೊದಲು ಮೇಲಿನ ಆರೋಗ್ಯವಾಗಿರುವ ಮೂರು ನಾಲ್ಕು ಎಲೆಗಳನ್ನು ಬುಡಸಮೇತ ಬಿಡಿಸಿ ಪಕ್ಕಕ್ಕಿಡಿ. ಬದಿಗೆ ಮೆತ್ತಗೆ ಅಲ್ಲಾಡಿಸಿದರೆ ಪೂರ್ತಿಯಾಗಿ ಬರುತ್ತವೆ. ಬುಡ ಹರಿದರೆ ಆ ಎಲೆಯಿಂದ ಮರಿ ಬರುವುದಿಲ್ಲ. ಶಸ್ತ್ರಕ್ರಿಯೆ ಸೋತರೂ ಈ ಎಲೆಗಳಿಂದ ಹೊಸ ಗಿಡ ಮಾಡಿಕೊಳ್ಳಬಹುದು. ಎಚೆವೇರಿಯಾ, ಗ್ರಾಪ್ಟೊಪೆಟಲಮ್ ಎರಡಕ್ಕೂ ಇದು ಆಗುತ್ತದೆ. ಏಯೋನಿಯಮ್ ಮತ್ತು ಸೆಂಪರ್‌ವೈವಮ್ ಎಲೆಯಿಂದ ಮರಿ ಬರುವುದನ್ನು ನಂಬಿ ಕೂರಬೇಡಿ. ಅವಕ್ಕೆ ಕಾಂಡ ಅಥವಾ ಪಕ್ಕದ ಮರಿಯೇ ಬೇಕು.

ಹರಿತವಾದ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ. ಕೊಳೆತ ಜಾಗಕ್ಕಿಂತ ಮೇಲೆ ಅಡ್ಡಕ್ಕೆ ಕತ್ತರಿಸಿ. ಈಗ ಕತ್ತರಿಸಿದ ಮುಖ ನೋಡಿ. ಅದು ಪೂರ್ತಿ ತಿಳಿ ಹಸಿರು ಅಥವಾ ಬಿಳಿ ಇರಬೇಕು. ನಡುವೆ ಒಂದೇ ಒಂದು ಕಂದು ಚುಕ್ಕಿ ಇದ್ದರೂ, ಕಂದು ಉಂಗುರ ಕಂಡರೂ, ಬ್ಲೇಡ್ ಮತ್ತೆ ಒರೆಸಿ ಇನ್ನೊಂದು ಬಿಲ್ಲೆ ಮೇಲಕ್ಕೆ ಕತ್ತರಿಸಿ. ಆ ಚುಕ್ಕಿ ಅಂದರೆ ರೋಗ ನೀರು ಸಾಗಿಸುವ ನಾಳದ ಒಳಗೆ ಹೋಗಿದೆ ಅಂತ. ಇಷ್ಟೇ ತಾನೆ ಅಂತ ಬಿಟ್ಟ ಚುಕ್ಕಿ ಎರಡು ವಾರದಲ್ಲಿ ಇಡೀ ರೋಸೆಟ್ ತಿಂದಿದ್ದನ್ನು ನಾನು ಕಂಡಿದ್ದೇನೆ. ಎಲೆಗಳು ಕಡಿಮೆಯಾಗಿ ತಲೆ ಚಿಕ್ಕದಾದರೂ ಪರವಾಗಿಲ್ಲ, ಶುದ್ಧ ಕಾಂಡ ಸಿಗುವವರೆಗೆ ಹೋಗಿ.

ಕೆಳಗಿನ ಕೆಲವು ಎಲೆ ತೆಗೆದು ಎರಡು ಮೂರು ಸೆಂಟಿಮೀಟರ್ ಕಾಂಡ ಬಿಡಿ. ಗಾಳಿಯಾಡುವ ನೆರಳಲ್ಲಿ ಮೂರರಿಂದ ಏಳು ದಿನ ಇಟ್ಟರೆ ಗಾಯದ ಮೇಲೆ ಒಣ ಪದರ ಕಟ್ಟುತ್ತದೆ. ಆಮೇಲೆ ಒಣ ಮಣ್ಣಿನ ಮೇಲೆ ಕೂರಿಸಿ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಬಂತಾ ಅಂತ ದಿನಾ ಎತ್ತಿ ನೋಡಬೇಡಿ. ಮೆತ್ತಗೆ ಎಳೆದಾಗ ಹಿಡಿದುಕೊಂಡರೆ ಬೇರು ಬಂದಿದೆ.

ಚಳಿ ದೇಶಗಳಲ್ಲಿ ಬೆಳೆಸುವವರಿಗೆ ಒಂದು ಮಾತು. ಹಿಮ ಬಿದ್ದ ರಾತ್ರಿಯ ಮರುದಿನವೂ ಎಲೆ ಹೀಗೇ ಗಾಜಿನಂತಾಗುತ್ತದೆ. ಆದರೆ ಅದು ಒಂದೇ ರಾತ್ರಿಯಲ್ಲಿ, ತೆರೆದ ಮೇಲ್ಭಾಗದ ಎಲೆಗಳಲ್ಲಿ ಆಗುತ್ತದೆ. ನೀರು ಹೆಚ್ಚಾದದ್ದು ಕೆಳಗಿನಿಂದ, ನಿಧಾನವಾಗಿ ಬರುತ್ತದೆ. ಯುರೋಪಿನ ಬೆಟ್ಟಗಳಿಂದ ಬಂದ ಸೆಂಪರ್‌ವೈವಮ್ ಹಿಮ ತಡೆಯುತ್ತದೆ. ಹೆಚ್ಚಾಗಿ ಮೆಕ್ಸಿಕೋ ಮೂಲದ ಎಚೆವೇರಿಯಾಗಳಿಗೆ ಅದು ಆಗುವುದಿಲ್ಲ.

ಒದ್ದೆ ಏಕೆ ನಿಂತಿತು

ಗಿಡ ಉಳಿಸಿಕೊಂಡರೂ ಕಾರಣ ಸರಿಮಾಡದಿದ್ದರೆ ಮತ್ತೆ ಅದೇ ಕಥೆ. ಹೆಚ್ಚಿನ ಸಲ ತಪ್ಪು ನೀರಿನ ಲೆಕ್ಕದಲ್ಲಿ ಇರುವುದಿಲ್ಲ, ಕುಂಡದಲ್ಲಿ ಇರುತ್ತದೆ. ಗಿಡಕ್ಕಿಂತ ಕುಂಡ ತುಂಬಾ ದೊಡ್ಡದಾದರೆ ಬೇರಿಲ್ಲದ ಮಣ್ಣಲ್ಲಿ ಒದ್ದೆ ಹಾಗೆಯೇ ಕೂರುತ್ತದೆ. ರೋಸೆಟ್‌ನ ಅಗಲಕ್ಕಿಂತ ಎರಡು ಮೂರು ಸೆಂಟಿಮೀಟರ್ ಹೆಚ್ಚಿದ್ದರೆ ಸಾಕು.

ತಳದಲ್ಲಿ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಅನ್ನುವುದು ತುಂಬಾ ಜನ ನಂಬಿರುವ ಮಾತು. ನಿಜದಲ್ಲಿ ಅದು ಉಲ್ಟಾ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆಯುವವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆಯ ಪದರ ತಳದಿಂದ ಮೇಲಕ್ಕೆ ಸರಿದು ಬೇರಿಗೇ ಹತ್ತಿರವಾಗುತ್ತದೆ. ಜಲ್ಲಿಯನ್ನು ತಳದಲ್ಲಿ ಹಾಕುವ ಬದಲು ಮಣ್ಣಿನಲ್ಲೇ ಕಲಸಿ. ನಾನು ಅರ್ಧ ಭಾಗ ಪ್ಯೂಮಿಸ್, ಪರ್ಲೈಟ್ (ಎರಡೂ ಹಗುರವಾದ ಕಲ್ಲಿನ ಚೂರು) ಅಥವಾ ಎರಡರಿಂದ ಐದು ಮಿಲಿಮೀಟರ್ ಗಾತ್ರದ ಸಣ್ಣ ಜಲ್ಲಿ, ಉಳಿದರ್ಧ ಗೊಬ್ಬರ ಬೆರೆತ ಮಣ್ಣು ಬಳಸುತ್ತೇನೆ. ತೇವ ಹೆಚ್ಚಿರುವ ಜಾಗವಾದರೆ ಜಲ್ಲಿಯ ಪಾಲು ಇನ್ನೂ ಹೆಚ್ಚಿಸಬಹುದು. ತೀರಾ ನುಣ್ಣನೆಯ ಮರಳು ಬೇಡ, ಅದು ಸಂದಿಗಳನ್ನು ಮುಚ್ಚಿ ಮಣ್ಣನ್ನು ಇನ್ನೂ ಬಿಗಿ ಮಾಡುತ್ತದೆ. ತಳದಲ್ಲಿ ತೂತಿಲ್ಲದ ಚಂದದ ಪಾತ್ರೆಯಲ್ಲಿ ನೆಡಲೇಬೇಡಿ.

ಉದ್ದಕ್ಕೆ ಬೆಳೆಯುತ್ತಿದೆ

ಚಪ್ಪಟೆಯಾಗಿ, ಒತ್ತಾಗಿ ಇದ್ದ ರೋಸೆಟ್ ಕಂಬದ ಹಾಗೆ ಏಳುತ್ತದೆ. ಎಲೆಗಳ ನಡುವೆ ಕಾಂಡ ಕಾಣುತ್ತದೆ. ಬಣ್ಣ ಮಾಸುತ್ತದೆ. ಇದಕ್ಕೆ ಬಹುಪಾಲು ಕಾರಣ ಬೆಳಕಿನ ಕೊರತೆ. ಶುರುವಿನ ಸೂಚನೆ ಇದಕ್ಕೂ ಮೊದಲೇ ಬರುತ್ತದೆ: ಹೊರಗಿನ ಎಲೆಗಳು ಕೊಡೆ ಬಿಚ್ಚಿದಂತೆ ಕೆಳಕ್ಕೆ ಬಾಗುತ್ತವೆ. ಸಿಕ್ಕಷ್ಟು ಬೆಳಕು ಹಿಡಿಯಲು ಎಲೆ ತನ್ನ ಮೈ ಹರಡುತ್ತಿದೆ. ಆ ಹಂತದಲ್ಲಿ ಗಿಡವನ್ನು ಹೆಚ್ಚು ಬೆಳಕಿಗೆ ಸರಿಸಿದರೆ ಹೊಸ ಎಲೆಗಳು ಒತ್ತಾಗಿಯೇ ಬರುತ್ತವೆ.

ಒಮ್ಮೆ ಉದ್ದವಾದ ಕಾಂಡ ಮಾತ್ರ ಮತ್ತೆ ಗಿಡ್ಡವಾಗುವುದಿಲ್ಲ. ಎಷ್ಟು ಬೆಳಕು ಕೊಟ್ಟರೂ ಇಲ್ಲ. ರೂಪ ಬೇಕೆಂದರೆ ಮೇಲೆ ಹೇಳಿದಂತೆ ತಲೆ ಕತ್ತರಿಸಿ ನೆಡಬೇಕು. ಇಲ್ಲಿ ಕೊಳೆ ಇಲ್ಲದ ಕಾರಣ ಕೆಲಸ ಸುಲಭ. ಉಳಿದ ಮೋಟು ಕಾಂಡವನ್ನು ಎಸೆಯಬೇಡಿ.

ಆದರೆ ಕತ್ತಿ ಎತ್ತುವ ಮೊದಲು ನಿಮ್ಮ ಗಿಡ ಯಾವುದು ಅಂತ ಗೊತ್ತಿರಲಿ. ಸೆಂಪರ್‌ವೈವಮ್ ಅಥವಾ ಏಯೋನಿಯಮ್ ಒಳ್ಳೆಯ ಬಿಸಿಲಲ್ಲೇ ಇದ್ದು, ಇದ್ದಕ್ಕಿದ್ದಂತೆ ಅದರ ನಡುಭಾಗ ಶಂಕುವಿನಂತೆ ಮೇಲೇಳುತ್ತಿದ್ದರೆ ಅದು ಬೆಳಕಿನ ಕೊರತೆಯಲ್ಲ, ಹೂ ಬಿಡುತ್ತಿದೆ. ಈ ಎರಡರಲ್ಲಿ ಹೂದಂಡು ಸುಳಿಯಿಂದಲೇ ಬರುತ್ತದೆ. ಸುಳಿ ಹೂವಾದ ಮೇಲೆ ಆ ರೋಸೆಟ್ ಸಾಯುತ್ತದೆ. ಬಾಳೆ ಗೊನೆ ಬಿಟ್ಟ ಮೇಲೆ ಆ ದಿಂಡಿನ ಬದುಕು ಮುಗಿದ ಹಾಗೆ. ಅದನ್ನು ಯಾವ ಔಷಧಿಯೂ ತಡೆಯುವುದಿಲ್ಲ. ಸೆಂಪರ್‌ವೈವಮ್ ಅಷ್ಟರೊಳಗೆ ಸುತ್ತ ಮರಿ ಹಾಕಿರುತ್ತದೆ, ಅವು ಬೆಳೆಯುತ್ತವೆ. ಅಗೇವ್ (ಕತ್ತಾಳೆ) ಕೂಡ ಹೆಚ್ಚಾಗಿ ಇದೇ ರೀತಿಯ ನಡವಳಿಕೆ ತೋರಿಸುತ್ತದೆ. ಎಚೆವೇರಿಯಾ ಮತ್ತು ಹಾವೊರ್ಥಿಯಾದಲ್ಲಿ ಹೂದಂಡು ಎಲೆಯ ಕಂಕುಳಿಂದ, ಪಕ್ಕದಲ್ಲಿ ಬರುತ್ತದೆ. ಹೂ ಬಾಡಿದರೂ ಗಿಡಕ್ಕೆ ಏನೂ ಆಗುವುದಿಲ್ಲ.

ಸುಳಿಯಲ್ಲಿ ತೊಂದರೆ

ಕೆಳಗಿನ ಎಲೆ ಕೆಟ್ಟರೆ ಗಿಡಕ್ಕೆ ಸಮಯ ಇದೆ. ಸುಳಿ ಕೆಟ್ಟರೆ ಇಲ್ಲ. ಹಾಗಾಗಿ ವಾರಕ್ಕೊಮ್ಮೆ ಸುಳಿಯನ್ನು ಹತ್ತಿರದಿಂದ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು.

ಹೊಸ ಎಲೆಗಳು ಸೊಟ್ಟಗೆ, ಕುರುಚಲಾಗಿ ಬರುತ್ತಿದ್ದರೆ ಮೊದಲ ಅನುಮಾನ ಹಿಟ್ಟು ತಿಗಣೆಯ ಮೇಲೆ. ಸುಳಿಯ ಸಂದಿಯಲ್ಲಿ, ಎಲೆಯ ಕಂಕುಳಲ್ಲಿ ಹತ್ತಿಯ ಎಳೆಯಂತೆ ಬಿಳಿ ಕಾಣುತ್ತದೆ. ಆ ಹತ್ತಿಯ ಗೂಡೊಳಗೆ ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಇದು ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಅಂಟಿಗೆ ಇರುವೆ ಬರುತ್ತದೆ, ಕಪ್ಪು ಬೂಷ್ಟು ಹಿಡಿಯುತ್ತದೆ. ಕುಂಡದ ಸುತ್ತ ಇರುವೆ ಓಡಾಡುತ್ತಿದ್ದರೆ ಸುಮ್ನೆ ಬಿಡಬೇಡಿ, ಅವು ತಿಗಣೆಗಳನ್ನು ಕಾಯುತ್ತವೆ.

ಮೊದಲು ಆ ಗಿಡವನ್ನು ಬೇರೆ ಗಿಡಗಳಿಂದ ದೂರ ಇಡಿ. ಎಪ್ಪತ್ತು ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿಕಡ್ಡಿ ಅದ್ದಿ ಒಂದೊಂದನ್ನೂ ಒರೆಸಿ. ಆಲ್ಕೋಹಾಲ್ ತಾಗಿದ ಕೂಡಲೇ ಅದರ ಮೇಣದ ಹೊದಿಕೆ ಕರಗಿ ಹುಳು ಸಾಯುತ್ತದೆ. ಬಿಸಿಲಿಳಿದ ಮೇಲೆ ಈ ಕೆಲಸ ಮಾಡಿ, ಒಂದು ಎಲೆಯ ಮೇಲೆ ಮೊದಲು ಪರೀಕ್ಷಿಸಿ. ಒಂದು ಸಲಕ್ಕೆ ಮುಗಿಯಿತು ಅಂದುಕೊಂಡರೆ ಮೋಸ ಹೋಗುತ್ತೀರಿ. ಉಳಿದ ಮೊಟ್ಟೆ ಒಡೆದು ಬರುತ್ತಲೇ ಇರುತ್ತವೆ. ವಾರಕ್ಕೊಮ್ಮೆಯಂತೆ ನಾಲ್ಕು ವಾರ ಬಿಡದೆ ಮಾಡಿ.

ಇದರ ನೆಂಟ ಒಂದು ಮಣ್ಣಿನೊಳಗೇ ಇರುತ್ತದೆ. ಮೇಲೆ ಏನೂ ಕಾಣುವುದಿಲ್ಲ, ಗಿಡ ಮಾತ್ರ ಬೆಳೆಯದೆ ಸೊರಗುತ್ತದೆ. ಕಿತ್ತು ನೋಡಿದರೆ ಬೇರಿನ ಮೇಲೆ, ಕುಂಡದ ಒಳಗೋಡೆಯ ಮೇಲೆ ಬಿಳಿ ಮೇಣದ ಪುಡಿ. ಪರ್ಲೈಟ್ ಚೂರು ಅಂದುಕೊಂಡು ತಪ್ಪು ಮಾಡುವುದು ಸುಲಭ. ಪರ್ಲೈಟ್ ಬೆರಳಲ್ಲಿ ಒತ್ತಿದರೆ ಗರಿಗರಿಯಾಗಿ ಪುಡಿಯಾಗುತ್ತದೆ, ಇದು ಮೆತ್ತಿಕೊಳ್ಳುತ್ತದೆ. ಮಣ್ಣನ್ನೆಲ್ಲ ಎಸೆದು, ಬೇರನ್ನು ನೀರಲ್ಲಿ ಚೆನ್ನಾಗಿ ತೊಳೆದು, ಹೆಚ್ಚು ಹಾನಿಯಾದ ಬೇರು ಕತ್ತರಿಸಿ, ಒಣಗಿಸಿ, ಹೊಸ ಮಣ್ಣಿಗೆ ಹಾಕಿ. ಹಳೆಯ ಕುಂಡವನ್ನು ಬಿಸಿನೀರಲ್ಲಿ ಉಜ್ಜಿ ತೊಳೆಯದೆ ಬಳಸಬೇಡಿ.

ಸುಳಿಯಲ್ಲಿ ನೀರು ನಿಂತು ಕಪ್ಪಾಗುವುದು ಇನ್ನೊಂದು. ರೋಸೆಟ್ ಬಟ್ಟಲಿನ ಆಕಾರದ್ದಾದ್ದರಿಂದ ಮೇಲಿನಿಂದ ಹಾಕಿದ ನೀರು ಅಲ್ಲೇ ನಿಲ್ಲುತ್ತದೆ. ಗಾಳಿ ಇಲ್ಲದ ಜಾಗದಲ್ಲಿ ಅದು ರಾತ್ರಿಯಿಡೀ ಒಣಗದೆ ಕೊಳೆ ತರುತ್ತದೆ. ನೀರು ಮಣ್ಣಿಗೆ ಹಾಕಿ, ಎಲೆಗಲ್ಲ. ನಿಂತಿದ್ದರೆ ಊದಿ ತೆಗೆಯಿರಿ, ಇಲ್ಲವೇ ಟಿಶ್ಯೂ ಮೂಲೆಯಿಂದ ಹೀರಿಸಿ. ಸುಳಿ ಕಪ್ಪಾಗಿ ಕಿತ್ತು ಬಂದರೂ, ಸುತ್ತಲಿನ ಎಲೆ ಮತ್ತು ಕಾಂಡ ಗಟ್ಟಿಯಿದ್ದರೆ ಒಣಗಿಸಿ ಕಾಯಿರಿ. ಪಕ್ಕದಿಂದ ಮರಿ ಬರುವ ಸಾಧ್ಯತೆ ಇದೆ.

ಸುಳಿಯ ಎಲೆಗಳು ತುಕ್ಕು ಹಿಡಿದಂತೆ ಕಂದಾಗಿ, ಒರಟಾಗಿ, ಜೊತೆಗೆ ತೆಳು ಬಲೆ ಕಂಡರೆ ಕೆಂಪು ನುಸಿ. ಒಣ ಬಿಸಿ ಗಾಳಿಯಲ್ಲಿ ಬೇಗ ಹೆಚ್ಚುತ್ತದೆ. ಅಲೋ (ಲೋಳೆಸರ) ಜಾತಿಯಲ್ಲಿ ಗಂಟುಗಂಟಾದ, ಹೂಕೋಸಿನಂತಹ ಬೆಳವಣಿಗೆ ಬಂದರೆ ಅದು ಕಣ್ಣಿಗೆ ಕಾಣದ ಬೇರೊಂದು ನುಸಿಯ ಕೆಲಸ. ಆ ಭಾಗವನ್ನು ಆಳವಾಗಿ ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಹೆಚ್ಚು ಹರಡಿದ್ದರೆ ಗಿಡವನ್ನೇ ಬಿಡುವುದು ಉಳಿದ ಗಿಡಗಳಿಗೆ ಒಳ್ಳೆಯದು.

ಬಿಳಿಯೆಲ್ಲ ರೋಗವಲ್ಲ

ಎಚೆವೇರಿಯಾ ಎಲೆಯ ಮೇಲೆ ಬೂದಿ ಬಳಿದಂತೆ ಒಂದೇ ಸಮ ಇರುವ ಬಿಳಿ ಪುಡಿ ಗಿಡವೇ ಮಾಡಿಕೊಂಡ ಮೇಣ. ಬಿಸಿಲಿನಿಂದ, ನೀರಿನಿಂದ ಕಾಪಾಡುವ ಹೊದಿಕೆ ಅದು. ಧೂಳು ಅಂದುಕೊಂಡು ಒರೆಸಿದರೆ ಆ ಎಲೆಯಲ್ಲಿ ಮತ್ತೆ ಬರುವುದಿಲ್ಲ, ಬೆರಳಿನ ಗುರುತು ಎಲೆ ಉದುರುವವರೆಗೂ ಇರುತ್ತದೆ. ಆಲ್ಕೋಹಾಲ್ ಕೂಡ ಇದನ್ನು ಕರಗಿಸುತ್ತದೆ. ಹುಳ ಇದ್ದರೆ ಅಂದ ಹೋದರೂ ಸರಿ, ಒರೆಸಲೇಬೇಕು. ಎಲೆಯ ಮೇಲೆ ಹನಿ ಒಣಗಿದ ಉಂಗುರಗಳಂತೆ ಬಿಳಿ ಕಂಡರೆ ಗಡಸು ನೀರಿನ ಸುಣ್ಣ. ಸಂದಿಯಲ್ಲಿ ಮಾತ್ರ ಹತ್ತಿಯಂತೆ ಇದ್ದರೆ ತಿಗಣೆ. ತೇಪೆ ತೇಪೆಯಾಗಿ ಹರಡುತ್ತಿದ್ದು, ಒರೆಸಿದ ಜಾಗದಲ್ಲಿ ಕೆಲವೇ ದಿನದಲ್ಲಿ ಮತ್ತೆ ಬಂದರೆ ಬೂದಿ ರೋಗ. ಗಾಳಿ ಹೆಚ್ಚಿಸಿ, ಹಿಡಿದ ಎಲೆ ತೆಗೆಯಿರಿ.

ಕಲೆಗಳು

ಬಿಸಿಲಿಗೆ ಮುಖ ಮಾಡಿದ ಬದಿಯಲ್ಲಿ ಮಾತ್ರ ಒಣಗಿದ, ಕಂದು ಅಥವಾ ಮಾಸಲು ಬಿಳಿ ಕಲೆ ಬಂದರೆ ಬಿಸಿಲು ಸುಟ್ಟದ್ದು. ಒಳಗಿಟ್ಟಿದ್ದ ಗಿಡವನ್ನು ಒಮ್ಮೆಲೇ ಹೊರಗೆ ತಂದರೆ ಒಂದೆರಡು ದಿನದಲ್ಲೇ ಆಗುತ್ತದೆ. ಉದ್ದಕ್ಕೆ ಬೆಳೆದ ಗಿಡಕ್ಕೆ ಬೆಳಕು ಕೊಡುವ ಆತುರದಲ್ಲಿ ಹೆಚ್ಚಿನವರು ಮಾಡುವ ತಪ್ಪು ಇದೇ. ಬೆಳಗಿನ ಒಂದು ಗಂಟೆ ಬಿಸಿಲಿಂದ ಶುರು ಮಾಡಿ, ಎರಡು ವಾರದಲ್ಲಿ ನಿಧಾನವಾಗಿ ಹೆಚ್ಚಿಸಿ. ಸುಟ್ಟ ಕಲೆ ಮಾಯುವುದಿಲ್ಲ, ಹರಡುವುದೂ ಇಲ್ಲ. ಎಲೆ ಹಾಗೇ ಇರಲಿ, ಅದು ಇನ್ನೂ ಕೆಲಸ ಮಾಡುತ್ತದೆ.

ಹರಡುವ ಕಲೆ ಬೇರೆ. ಒದ್ದೆಯಾಗಿ, ಒಳಕ್ಕೆ ತಗ್ಗಾಗಿ, ದಿನ ದಿನ ದೊಡ್ಡದಾಗುವ ಕಪ್ಪು ಕಲೆ ಹೆಚ್ಚಾಗಿ ಶಿಲೀಂಧ್ರದ್ದು. ಅನುಮಾನ ಇದ್ದರೆ ಕಲೆಯ ಅಂಚಿನಲ್ಲಿ ಪೆನ್ನಿಂದ ಒಂದು ಚುಕ್ಕಿ ಇಟ್ಟು ಮೂರು ದಿನ ಬಿಟ್ಟು ನೋಡಿ. ಚುಕ್ಕಿ ದಾಟಿದ್ದರೆ ಎಲೆ ತೆಗೆಯಿರಿ. ಎಲೆಯ ಕೆಳಬದಿಯಲ್ಲಿ ಬೆಂಡಿನಂತಹ ಗಟ್ಟಿ ಗುಳ್ಳೆ ಬಂದಿದ್ದರೆ ಬೇರು ಎಳೆದಷ್ಟು ನೀರು ಎಲೆಯಿಂದ ಹೊರಹೋಗದೆ ಕೋಶ ಒಡೆದು ಗಾಯ ಒಣಗಿದ ಗುರುತು. ರೋಗವಲ್ಲ, ನೀರು ಕಡಿಮೆ ಮಾಡಿ ಅಷ್ಟೆ.

ದೋಷವೇ ಅಲ್ಲದ್ದು

ತೀರಾ ಕೆಳಗಿನ ಎಲೆ ಕಾಗದದಂತೆ ಒಣಗಿ ಕಾಂಡಕ್ಕೆ ಅಂಟಿಕೊಂಡಿದ್ದರೆ ಅದರ ಆಯಸ್ಸು ಮುಗಿದಿದೆ. ತೆಗೆದುಬಿಡಿ, ಇಲ್ಲದಿದ್ದರೆ ತಿಗಣೆ ಅಡಗಲು ಜಾಗವಾಗುತ್ತದೆ. ಬಿಸಿಲು ಮತ್ತು ರಾತ್ರಿಯ ತಂಪು ಸೇರಿ ಎಲೆ ಅಂಚು ಕೆಂಪಾದರೆ ಅದೂ ರೋಗವಲ್ಲ. ಕಾಂಡದಿಂದ ಗಾಳಿಯಲ್ಲಿ ಗುಲಾಬಿ ಬಣ್ಣದ ಸಣ್ಣ ಬೇರು ಬಂದರೆ ಗಿಡ ತೇವ ಹುಡುಕುತ್ತಿದೆ, ನೀರಿನ ಅಂತರ ಒಮ್ಮೆ ಪರಿಶೀಲಿಸಿ. ಸುಳಿ ಒಂದು ಬಿಂದುವಾಗಿರದೆ ಗೆರೆಯಂತೆ ಉದ್ದವಾಗಿ ಬೀಸಣಿಗೆ ಆಕಾರಕ್ಕೆ ಬಂದರೆ ಬೆಳೆಯುವ ತುದಿಯ ರೂಪ ಬದಲಾಗಿದೆ. ಕೆಲವರು ಅಂಥದ್ದನ್ನೇ ಹುಡುಕಿ ಬೆಳೆಸುತ್ತಾರೆ.

ಏಯೋನಿಯಮ್ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಕ್ಯಾನರಿ ದ್ವೀಪಗಳ ಈ ಗಿಡ ತಂಪು ಕಾಲದಲ್ಲಿ ಬೆಳೆದು ಬೇಸಿಗೆಯಲ್ಲಿ ಮಲಗುತ್ತದೆ. ಆಗ ಹೊರಗಿನ ಎಲೆ ಉದುರಿಸಿ, ಉಳಿದದ್ದನ್ನು ಮೊಗ್ಗಿನಂತೆ ಮುಚ್ಚಿಕೊಳ್ಳುತ್ತದೆ. ಸಾಯುತ್ತಿದೆ ಅಂತ ಗಾಬರಿಯಾಗಿ ಜನ ನೀರು, ಗೊಬ್ಬರ ಎರಡೂ ಸುರಿಯುತ್ತಾರೆ. ಮಲಗಿದ ಬೇರು ಅದನ್ನು ಎಳೆಯುವುದಿಲ್ಲ, ಕೊಳೆಯುತ್ತದೆ. ಅರೆನೆರಳಲ್ಲಿಟ್ಟು, ಕಾಂಡ ಸುಕ್ಕಾಗದಷ್ಟು ಮಾತ್ರ ನೀರು ಕೊಟ್ಟು ಬಿಡಿ. ತಂಪು ಶುರುವಾದಾಗ ತಾನೇ ತೆರೆದುಕೊಳ್ಳುತ್ತದೆ.

ಹೊಸದಾಗಿ ತಂದ ಗಿಡ

ಚೆನ್ನಾಗಿದ್ದ ಗಿಡ ತಂದ ಒಂದೆರಡು ತಿಂಗಳಲ್ಲಿ ಕಾರಣವಿಲ್ಲದೆ ಸೊರಗಿದರೆ ಬೇರಿನ ನಡುವೆ ಕೈಯಾಡಿಸಿ ನೋಡಿ. ನರ್ಸರಿಯಲ್ಲಿ ಎಳೆಯ ಸಸಿ ಬೆಳೆಸಲು ಬಳಸಿದ ಬಟ್ಟೆಯಂತಹ ಬಲೆಯ ಚೀಲ ಅಥವಾ ಒತ್ತಿದ ಪೀಟ್ ಉಂಡೆ ಕಾಂಡದ ಸುತ್ತ ಹಾಗೇ ಉಳಿದಿರುತ್ತದೆ. ಹೊರಗಿನ ಮಣ್ಣು ನೀವು ಎಷ್ಟೇ ಚೆನ್ನಾಗಿ ಕಲಸಿದರೂ ಆ ಉಂಡೆ ಮಾತ್ರ ಕಾಂಡಕ್ಕೆ ಒತ್ತಿಕೊಂಡು ಒದ್ದೆಯಾಗಿಯೇ ಇರುತ್ತದೆ. ಕೊಳೆ ಅಲ್ಲಿಂದಲೇ ಶುರು. ಕಡ್ಡಿ ಅಂಚಿನಲ್ಲಿ ಚುಚ್ಚಿದ್ದರೆ ಅದು ಒಣ ಅಂತಲೇ ಹೇಳುತ್ತದೆ. ಹಾಗಾಗಿ ಹೊಸ ಗಿಡದಲ್ಲಿ ಮಾತ್ರ ಕಡ್ಡಿಯನ್ನು ಕಾಂಡದ ಹತ್ತಿರವೂ ಚುಚ್ಚಿ ನೋಡಬೇಕು. ಬಲೆಯನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ನಿಧಾನವಾಗಿ ಬಿಡಿಸಿ, ಕೆಲವು ಬೇರು ಹರಿದರೂ ಚಿಂತೆಯಿಲ್ಲ. ಈ ಕೆಲಸ ಮಾಡುವಾಗಲೇ ಕಂಕುಳು, ಬೇರು, ಕುಂಡದ ಗೋಡೆ ಮೂರನ್ನೂ ತಿಗಣೆಗಾಗಿ ನೋಡಿಬಿಡಿ, ಮತ್ತೆ ಮೂರು ನಾಲ್ಕು ವಾರ ಬೇರೆ ಗಿಡಗಳ ಜೊತೆ ಸೇರಿಸಬೇಡಿ.

ತಲೆ ಕತ್ತರಿಸಿದ ಮೇಲೆ ಉಳಿದ ಮೋಟು ಕಾಂಡದ ಮಾತು ಬಾಕಿ ಇತ್ತು. ಅದರ ಬೇರು ಚೆನ್ನಾಗಿದ್ದರೆ ಅದೇ ಕುಂಡದಲ್ಲಿ ಬಿಡಿ, ಬೆಳಕಲ್ಲಿಡಿ, ಮಣ್ಣು ಪೂರ್ತಿ ಒಣಗಿದಾಗ ಮಾತ್ರ ಸ್ವಲ್ಪ ನೀರು ಕೊಡಿ. ಎಲೆ ಇಲ್ಲದ ಕಾರಣ ಮೊದಲಿಗಿಂತಲೂ ಕಡಿಮೆ ಸಾಕು. ಕೆಲವು ವಾರಗಳಲ್ಲಿ, ಎಲೆಗಳು ಕಳಚಿದ್ದ ಗುರುತಿನ ಮೇಲೆ ಸಾಸಿವೆ ಗಾತ್ರದ ಹಸಿರು ಚುಕ್ಕಿಗಳು ಕಾಣುತ್ತವೆ. ಒಂದಲ್ಲ, ನಾಲ್ಕೈದು. ಅವು ಎರಡು ಮೂರು ಸೆಂಟಿಮೀಟರ್ ಅಗಲ ಆಗುವವರೆಗೆ ತಾಯಿ ಕಾಂಡದಲ್ಲೇ ಬಿಟ್ಟು, ಆಮೇಲೆ ಒಂದೊಂದಾಗಿ ಬಿಡಿಸಿ ನೆಡಿ.